ಎಡಕ್ಕೆ ನಿಲ್ಲು ಎನ್ನುವವರಿಗೆ



ಕಳೆದ ತಿಂಗಳು ಇದೇ ಪುಟದಲ್ಲಿ ಮೊಮ್ಮಗಳ ಗಾಲ್ಫ್ ಕಲಿಕೆಯ ಪ್ರಸ್ತಾಪ ಬಂದಾಗ, "ಚೆಂಡು ಬಲಕ್ಕೆ ಹೋಗುತ್ತಿದ್ದರೆ ಎಡಕ್ಕೆ ತಿರುಗಿ ನಿಲ್ಲು ಎನ್ನುವುದು ಬೋಧನೆಯಲ್ಲ, ಬೋಧನೆಯಿಂದ ನುಣುಚಿಕೊಳ್ಳುವ ಉಪಾಯ" ಎಂದು ಒಂದು ವಾಕ್ಯ ಬರೆದಿದ್ದೆ. ಆ ಒಂದು ವಾಕ್ಯಕ್ಕೆ ಇಷ್ಟು ಪತ್ರಗಳು ಬಂದಾವೆಂದು ಎಣಿಸಿರಲಿಲ್ಲ. ತೊಂಬತ್ತರ ದಶಕದ ವಿದ್ಯಾರ್ಥಿಯೊಬ್ಬ, ಈಗ ದೊಡ್ಡ ಹುದ್ದೆಯಲ್ಲಿರುವವನು, "ಸಾರ್, ನಾನು ಹದಿನೈದು ವರ್ಷದಿಂದ ಎಡಕ್ಕೆ ನಿಂತೇ ಆಡುತ್ತಿದ್ದೇನೆ, ಆಟ ನಡೆಯುತ್ತಲೇ ಇದೆ" ಎಂದು ಬರೆದಿದ್ದಾನೆ. ಇನ್ನೊಬ್ಬ, "ಗಾಲ್ಫ್ ಕಲಿಸುವವರಿಗೇ ಪಾಠ ಹೇಳಲು ಹೊರಟಿರಾ?" ಎಂದು ವಿನಯದಿಂದಲೇ ಚುಚ್ಚಿದ್ದಾನೆ. ನನ್ನ ಭಾವಮೈದುನರಂತೂ ದೂರವಾಣಿ ಮಾಡಿ, "ಪಿ.ಸಿ.ಎಂ. ಮೇಷ್ಟ್ರಿಗೆ ಸಾಹುಕಾರರ ಆಟದ ಉಸಾಬರಿ ಏಕೆ?" ಎಂದು ನಕ್ಕರು.

ನಗಲಿ. ಮೂವತ್ತನಾಲ್ಕು ವರ್ಷ ತುಮಕೂರು ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಭೌತಶಾಸ್ತ್ರ, ಗಣಿತ ಹೇಳಿಕೊಟ್ಟವನಿಗೆ, ಹಾರುವ ಚೆಂಡೊಂದು ಏಕೆ ಬಾಗುತ್ತದೆ ಎಂದು ಕೇಳುವ ಹಕ್ಕು ನಿವೃತ್ತಿಯೊಂದಿಗೆ ಮುಗಿಯುವುದಿಲ್ಲ. ಆದ್ದರಿಂದ ಆ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತಿಲ್ಲ. ಇನ್ನಷ್ಟು ಬಿಡಿಸಿ ಹೇಳುತ್ತೇನೆ.

ಗಾಲ್ಫ್ ಅರಿಯದ ಬಂಧುಗಳಿಗಾಗಿ ಮೊದಲು ಎರಡು ಮಾತು. ಬಲಗೈ ಆಟಗಾರ ಹೊಡೆದ ಚೆಂಡು ನೇರವಾಗಿ ಸಾಗದೆ, ಗಾಳಿಯಲ್ಲಿ ಕುಡುಗೋಲಿನಂತೆ ಬಲಕ್ಕೆ ಬಾಗಿ ಪಕ್ಕದ ಪೊದೆಗೋ ಕೆರೆಗೋ ಬೀಳುವುದನ್ನು ಸ್ಲೈಸ್ ಎನ್ನುತ್ತಾರೆ. ಎಡಕ್ಕೆ ಬಾಗಿದರೆ ಅದು ಹುಕ್. ಎಡಗೈ ಆಟಗಾರರು ದಿಕ್ಕುಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು. ಹೊಸದಾಗಿ ಕೋಲು ಹಿಡಿದವರಲ್ಲಿ ಬಹುಪಾಲು ಜನರನ್ನು ಕಾಡುವುದು ಈ ಸ್ಲೈಸ್ ಎಂಬ ಕಾಯಿಲೆಯೇ. ಅದರಲ್ಲೂ ಎಲ್ಲಕ್ಕಿಂತ ಉದ್ದದ ಕ್ಲಬ್ಬಾದ ಡ್ರೈವರ್ ಹಿಡಿದಾಗ ಅದು ಉಲ್ಬಣಿಸುತ್ತದೆ.

ಇನ್ನು ನಡೆದದ್ದನ್ನು ಹೇಳುತ್ತೇನೆ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್ ಪಂದ್ಯದ ಕೊನೆಯ ದಿನ, ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹೊಸ್ತಿಲಲ್ಲಿದ್ದಾಗ, ಗಾಲ್ಫ್ ಎಂದರೇನೆಂದು ಅರಿಯದ ನಮ್ಮ ಮನೆಯವರೆಲ್ಲ ನಸುಕಿನಲ್ಲೇ ಎದ್ದು ಟಿವಿ ಮುಂದೆ ಕುಳಿತಿದ್ದೆವು. ಆಕೆ ನಾಲ್ಕನೆಯವರಾದರು. ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ಕೈತಪ್ಪಿತು. ಅಂದು ಎಂಟು ವರ್ಷದವಳಾಗಿದ್ದ ಮೊಮ್ಮಗಳ ತಲೆಯಲ್ಲಿ ಆ ಬೆಳಗು ಹಾಗೆಯೇ ಉಳಿದುಬಿಟ್ಟಿತು. ಮೂರು ವರ್ಷ ಕಾಡಿಬೇಡಿ, ಕೊನೆಗೆ ಮನೆಯಿಂದ ಆರು ಕಿಲೋಮೀಟರ್ ದೂರದ ಒಂದು ಡ್ರೈವಿಂಗ್ ರೇಂಜ್‌ನಲ್ಲಿ ಶನಿವಾರದ ಮಕ್ಕಳ ತರಗತಿಗೆ ಸೇರಿದಳು. ರೇಂಜ್ ಎಂದರೆ ಬಕೆಟ್ ಲೆಕ್ಕದಲ್ಲಿ ಚೆಂಡು ಬಾಡಿಗೆಗೆ ಪಡೆದು, ನಿಂತಲ್ಲೇ ನಿಂತು ಹೊಡೆಯುತ್ತ ಅಭ್ಯಾಸ ಮಾಡುವ ಜಾಗ. ಅವಳನ್ನು ಕರೆದೊಯ್ಯುವ ಕೆಲಸ ನಿವೃತ್ತ ತಾತನದು. ನೀರಿನ ಬಾಟಲಿ ಹಿಡಿದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನಾನು ಕಂಡದ್ದನ್ನೇ ಬರೆಯುತ್ತಿದ್ದೇನೆ.

ಮೊದಲ ತಿಂಗಳೇ ಚೆಂಡು ಬಲಕ್ಕೆ ಬಾಗತೊಡಗಿತು. ಬೋಧಕರು ಬಂದು ಭುಜ ಹಿಡಿದು, "ಸ್ವಲ್ಪ ಎಡಕ್ಕೆ ನಿಲ್ಲು" ಎಂದರು. ನಿಂತಳು. ಚೆಂಡು ಎಡಕ್ಕೆ ಹೊರಟು, ಬಾಗಿ ಬಂದು, ಮಧ್ಯದ ಬಾವುಟದ ಬಳಿ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಮೂರನೆಯ ತಿಂಗಳಿಗೆ ಚೆಂಡು ಮತ್ತೆ ಬಲದ ಬಲೆಗೆ ಬಡಿಯತೊಡಗಿತು. "ಇನ್ನೂ ಸ್ವಲ್ಪ ಎಡಕ್ಕೆ." ಆರನೆಯ ತಿಂಗಳಿಗೆ, "ತಲೆ ತಗ್ಗಿಸು, ತಲೆ ಎತ್ತಬೇಡ." ಒಂಬತ್ತನೆಯ ತಿಂಗಳಿಗೆ ಅವಳು ಎಡಗಡೆಯ ಬಲೆಯ ಕಂಬಕ್ಕೆ ಗುರಿಯಿಟ್ಟು ನಿಲ್ಲುತ್ತಿದ್ದಳು. ಚೆಂಡು ಆ ಕಂಬದತ್ತ ಹೊರಟು, ಇಡೀ ಮೈದಾನವನ್ನು ಅಡ್ಡಲಾಗಿ ದಾಟಿ ಬಲಗಡೆಯ ಬಲೆಗೆ ಹೋಗಿ ಬೀಳುತ್ತಿತ್ತು. ಒಂದು ದಿನ ಕಾರಿನಲ್ಲಿ ಹಿಂದಿರುಗುವಾಗ, "ತಾತ, ನಂಗೆ ಇದು ಬರಲ್ಲ ಬಿಡು. ಸಾರ್ ಹೇಳಿದ್ದೆಲ್ಲ ಮಾಡ್ತೀನಿ, ಆದ್ರೂ ಆಗಲ್ಲ ಅಂದ್ರೆ ನನ್ನಲ್ಲೇ ಏನೋ ಕಮ್ಮಿ ಇದೆ" ಎಂದಳು. ಮರುವಾರದಿಂದ ಹೋಗಲಿಲ್ಲ. ಕ್ಲಬ್ಬುಗಳು ಬಾಗಿಲ ಹಿಂದೆ ಛತ್ರಿಯ ಪಕ್ಕ ಸೇರಿದವು.

ಆ ಮಾತು ನನ್ನನ್ನು ಬಹಳ ಕಾಡಿತು. ಹೇಳಿದ್ದನ್ನು ಮಾಡದ ಮಕ್ಕಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಆದರೆ ಹೇಳಿದ್ದನ್ನೆಲ್ಲ ಮಾಡಿ, ಆದ್ದರಿಂದಲೇ ಕೆಟ್ಟು, ತಪ್ಪು ತನ್ನದೆಂದು ನಂಬಿ ಎದ್ದುಹೋಗುವ ಮಗು ಬೇರೆ. ಅಲ್ಲಿ ನಾಪಾಸಾದದ್ದು ಮಗುವಲ್ಲ.

ಚೆಂಡುಗಳನ್ನು ಆಯ್ದು ತರುವ ಹಿರಿಯರೊಬ್ಬರು ಆ ರೇಂಜ್‌ನಲ್ಲಿದ್ದಾರೆ. ಹಿಂದೆ ಕ್ಯಾಡಿಯಾಗಿದ್ದವರು. ಒಂದು ದಿನ ಚಹಾದಂಗಡಿಯ ಬಳಿ ತಾವಾಗಿ ಮಾತು ತೆಗೆದು, "ಪಾಪುಗೆ ಕೈ ಹಿಡಿಯೋದ್ರಲ್ಲೇ ತಪ್ಪಿದೆ ಸಾರ್. ಎಷ್ಟು ಎಡಕ್ಕೆ ನಿಂತ್ರೆ ಅಷ್ಟು ಜಾಸ್ತಿ ಬಲಕ್ಕೆ ಹೋಗುತ್ತೆ. ನಾವು ಹೇಳಿದ್ರೆ ಯಾರು ಕೇಳ್ತಾರೆ?" ಎಂದರು. ಕೇಳಬೇಕಾಗಿತ್ತು. ಕ್ಯಾಡಿಯಾಗಿ ಚೀಲ ಹೊತ್ತೇ ಆಟ ಕಲಿತ ಬೆಂಗಳೂರಿನ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದದ್ದು ನೆನಪಿರಬಹುದು. ಸಾವಿರಾರು ಚೆಂಡುಗಳು ಹಾರುವುದನ್ನು ಹಿಂದೆ ನಿಂತು ನೋಡಿದ ಕಣ್ಣಿಗೆ ಪುಸ್ತಕ ಹೇಳದ ಸಂಗತಿಗಳು ಕಾಣುತ್ತವೆ.

ಮನೆಗೆ ಬಂದು ನಾನು ಕಾಗದ, ಪೆನ್ಸಿಲ್ ಹಿಡಿದು ಕುಳಿತೆ. ವಿಷಯ ಬಹಳ ಸರಳ. ಚೆಂಡು ಮತ್ತು ಕ್ಲಬ್ಬು ಒಂದಕ್ಕೊಂದು ತಾಗಿರುವ ಕಾಲ ಸೆಕೆಂಡಿನ ಎರಡು ಸಾವಿರದಲ್ಲಿ ಸುಮಾರು ಒಂದು ಭಾಗ. ಅಷ್ಟರಲ್ಲಿ ಚೆಂಡು ಎರಡು ಸಂಗತಿಗಳನ್ನು ಮಾತ್ರ ಕೇಳುತ್ತದೆ: ಕ್ಲಬ್ಬಿನ ಮುಖ ಎತ್ತ ನೋಡುತ್ತಿದೆ, ಕ್ಲಬ್ಬು ಎತ್ತ ಸಾಗುತ್ತಿದೆ. ನೀವು ಎತ್ತ ನಿಂತಿರಿ, ತಲೆ ತಗ್ಗಿಸಿದಿರೋ ಇಲ್ಲವೋ, ಟೋಪಿಯ ಬೆಲೆ ಎಷ್ಟು ಎಂಬುದು ಅದಕ್ಕೆ ತಿಳಿಯದು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಮುಖ. ಡ್ರೈವರಿನಲ್ಲಿ ನೂರಕ್ಕೆ ಸುಮಾರು 85 ಪಾಲು ಮುಖದ್ದು, ಕಬ್ಬಿಣದ ಕ್ಲಬ್ಬುಗಳಲ್ಲಿ ಸುಮಾರು 75. ಹೊರಟ ಮೇಲೆ ಅದು ಎತ್ತ ಬಾಗುತ್ತದೆ ಎಂಬುದನ್ನು ನಿರ್ಧರಿಸುವುದು ಮುಖಕ್ಕೂ ಹಾದಿಗೂ ನಡುವಿನ ಕೋನ. ಮುಖವು ಹಾದಿಗಿಂತ ಬಲಕ್ಕೆ ತೆರೆದಿದ್ದರೆ ಚೆಂಡಿನ ಭ್ರಮಣಾಕ್ಷ ಬಲಕ್ಕೆ ವಾಲುತ್ತದೆ. ತಿರುವಿನಲ್ಲಿ ವಿಮಾನ ಒಂದು ರೆಕ್ಕೆ ತಗ್ಗಿಸಿದಂತೆ ಎಂದುಕೊಳ್ಳಿ. ಆಗ ಚೆಂಡನ್ನು ಮೇಲಕ್ಕೆತ್ತಬೇಕಾದ ಬಲದ ಒಂದು ಪಾಲು ಪಕ್ಕಕ್ಕೆ ಎಳೆಯುತ್ತದೆ. ಇದೇ ಸ್ಲೈಸ್.

ಇದೇನೂ ನಿನ್ನೆ ಮೊನ್ನೆ ಕಂಡುಹಿಡಿದ ವಿದ್ಯೆಯಲ್ಲ. ಓರೆಯಾಗಿ ಹೊಡೆದ ಟೆನಿಸ್ ಚೆಂಡು ಬಾಗಿದ ಹಾದಿಯಲ್ಲಿ ಹೋಗುವುದನ್ನು ನ್ಯೂಟನ್ 1672ರ ಪತ್ರದಲ್ಲೇ ಪ್ರಸ್ತಾಪಿಸಿದ್ದ. ಬೆಳಕಿನ ಬಗ್ಗೆ ಬರೆಯುತ್ತ ಚೆಂಡಿನ ಬಗ್ಗೆ ಬರೆದ ಮಹಾನುಭಾವ! ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಟರ್ ಗುತ್ರಿ ಟೇಟ್, 1890ರ ದಶಕದಲ್ಲಿ, ಗಾಲ್ಫ್ ಚೆಂಡಿಗೆ ಉದ್ದನೆಯ ಪಟ್ಟಿಯೊಂದನ್ನು ಕಟ್ಟಿ ಹೊಡೆಸಿ, ಪಟ್ಟಿಯಲ್ಲಿ ಬಿದ್ದ ತಿರುಚುಗಳನ್ನು ಎಣಿಸಿ ಚೆಂಡು ಎಷ್ಟು ಸುತ್ತು ತಿರುಗಿತೆಂದು ಲೆಕ್ಕ ಹಾಕಿದ್ದ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಉಪಕರಣಗಳಿಲ್ಲವೆಂದು ಗೊಣಗುತ್ತಿದ್ದ ನನ್ನಂಥವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಆತನ ಮಗ ಫ್ರೆಡ್ಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್‌ಷಿಪ್ ಗೆದ್ದವನು. ಎಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್ 1910ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಗಾಲ್ಫ್ ಚೆಂಡಿನ ಚಲನೆಯ ಬಗ್ಗೆಯೇ ಉಪನ್ಯಾಸ ಕೊಟ್ಟ. ವಿದ್ಯುತ್ ಕಣಗಳ ಕಿರಣವನ್ನು ಬಾಗಿಸಿ, ಸ್ಲೈಸ್ ಆದ ಚೆಂಡು ಹೇಗೆ ಹೋಗುತ್ತದೆಂದು ಸಭೆಗೆ ತೋರಿಸಿದ.

ಹೀಗಿದ್ದೂ, ನಂತರದ ಹಲವು ದಶಕಗಳ ಕಾಲ ಅನೇಕ ಬೋಧನಾ ಪುಸ್ತಕಗಳು, ಚೆಂಡು ಮೊದಲು ಕ್ಲಬ್ಬು ಸಾಗಿದ ಹಾದಿಯಲ್ಲಿ ಹೊರಟು ಆಮೇಲೆ ಮುಖ ನೋಡಿದ ಕಡೆಗೆ ಬಾಗುತ್ತದೆ ಎಂದೇ ಹೇಳಿಕೊಟ್ಟವು. ಅಂದರೆ ವಿಷಯವನ್ನು ತಲೆಕೆಳಗು ಮಾಡಿದವು. ಕಾಕ್ರನ್ ಮತ್ತು ಸ್ಟಾಬ್ಸ್ ಎಂಬ ಇಬ್ಬರು 1968ರಲ್ಲಿ ಪ್ರಕಟಿಸಿದ ವೈಜ್ಞಾನಿಕ ಅಧ್ಯಯನದಲ್ಲಿ ಸರಿಯಾದದ್ದು ಇತ್ತು. ಓದಿದವರು ಕಡಿಮೆ. ಈ ಶತಮಾನದಲ್ಲಿ ಚೆಂಡನ್ನು ರೇಡಾರ್‌ನಿಂದ ಅಳೆಯುವ ಯಂತ್ರಗಳು ಬಂದ ಮೇಲಷ್ಟೇ ವೃತ್ತಿಪರ ಬೋಧಕರು ಒಪ್ಪತೊಡಗಿದರು. ಅದಕ್ಕೆ "ಹೊಸ ನಿಯಮಗಳು" ಎಂದು ಹೆಸರಿಟ್ಟರು. ಹೊಸದು ಎಲ್ಲಿಂದ ಬಂತು? ಚೆಂಡು ಎಂದಾದರೂ ಹಳೆಯ ನಿಯಮದಂತೆ ಹಾರಿತ್ತೇ?

ಈಗ "ಎಡಕ್ಕೆ ನಿಲ್ಲು" ಎಂಬ ಉಪದೇಶವನ್ನು ಈ ನಿಯಮದ ಪಕ್ಕದಲ್ಲಿಟ್ಟು ನೋಡಿ. ಮಗುವಿನ ಕ್ಲಬ್ಬು ಗುರಿಗಿಂತ ನಾಲ್ಕು ಡಿಗ್ರಿ ಎಡಕ್ಕೆ ಸಾಗುತ್ತಿದೆ, ಮುಖ ಗುರಿಯತ್ತಲೇ ನೋಡುತ್ತಿದೆ ಎನ್ನಿ. ನಡುವಿನ ಕೋನ ನಾಲ್ಕು ಡಿಗ್ರಿ, ಚೆಂಡು ಬಲಕ್ಕೆ ಬಾಗುತ್ತದೆ. ಎಡಕ್ಕೆ ತಿರುಗಿ ನಿಲ್ಲಿಸಿದಿರಿ. ಭುಜಗಳು ಎಡಕ್ಕೆ ತೆರೆದುಕೊಂಡವು, ಅದರೊಡನೆ ಹಾದಿ ಇನ್ನೂ ನಾಲ್ಕು ಡಿಗ್ರಿ ಎಡಕ್ಕೆ ಹೋಯಿತು. ಆದರೆ ಮಗುವಿನ ಕಣ್ಣು ಇರುವುದು ಬಾವುಟದ ಮೇಲೆ. ಕೈಗಳು ತಮಗೆ ತಿಳಿಯದೆಯೇ ಮುಖವನ್ನು ಬಾವುಟದತ್ತ ಹಿಡಿದಿಡುತ್ತವೆ. ಕೋನ ಎಂಟು ಡಿಗ್ರಿಯಾಯಿತು. ಬಾಗು ಹೆಚ್ಚಿತು. ಬಾಗು ಹೆಚ್ಚಿತೆಂದು ಇನ್ನೂ ಎಡಕ್ಕೆ ನಿಲ್ಲಿಸುತ್ತೀರಿ. ಸಾಲ ತೀರಿಸಲು ಸಾಲ ಮಾಡುವವನ ಲೆಕ್ಕ ಇದು. ಮೊದಲ ತಿಂಗಳು ಚೆಂಡು ಮಧ್ಯಕ್ಕೆ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವಲ್ಲ, ಅದು ಆ ಸಾಲದ ಮೊದಲ ಕಂತು ಕೈಗೆ ಬಂದ ಸಂತೋಷ.

ಇನ್ನು "ತಲೆ ತಗ್ಗಿಸು" ಎಂಬ ಮಂತ್ರ. ಇದನ್ನು ಗಾಲ್ಫ್‌ನಲ್ಲಿ ಎಲ್ಲರೂ ಎಲ್ಲರಿಗೂ ಉಚಿತವಾಗಿ ಹೇಳುತ್ತಾರೆ. ಆನಿಕಾ ಸೊರೆನ್‌ಸ್ಟಾಮ್ ಮತ್ತು ಡೇವಿಡ್ ಡುವಾಲ್ ಚೆಂಡಿಗೆ ಕ್ಲಬ್ಬು ತಾಗುವ ಹೊತ್ತಿಗಾಗಲೇ ತಲೆಯನ್ನು ಗುರಿಯ ಕಡೆಗೆ ತಿರುಗಿಸುತ್ತಿದ್ದವರು. ಇಬ್ಬರೂ ಒಂದು ಕಾಲಕ್ಕೆ ವಿಶ್ವದ ಅಗ್ರಸ್ಥಾನದಲ್ಲಿದ್ದರು. ಬಲವಂತವಾಗಿ ತಲೆ ತಗ್ಗಿಸಿದ ಮಗುವಿನ ಕುತ್ತಿಗೆ, ಭುಜ, ತೋಳುಗಳು ಸೆಟೆದುಕೊಳ್ಳುತ್ತವೆ. ಸೆಟೆದ ತೋಳು ತಿರುಗುವುದಿಲ್ಲ, ತೋಳು ತಿರುಗದಿದ್ದರೆ ಮುಖ ಮುಚ್ಚುವುದಿಲ್ಲ, ಮತ್ತೆ ಸ್ಲೈಸ್. "ನಿಧಾನವಾಗಿ ಹೊಡೆ" ಎನ್ನುವುದೂ ಇದೇ ಜಾತಿಯದು. ನಿಧಾನವಾಗಿ ಹೊಡೆದರೆ ಚೆಂಡು ಕಡಿಮೆ ದೂರ ಹೋಗುತ್ತದೆ, ಆದ್ದರಿಂದ ಕಡಿಮೆ ದೂರ ತಪ್ಪುತ್ತದೆ. ಕೋನ ಇದ್ದಲ್ಲೇ ಇರುತ್ತದೆ. ಉತ್ತರಪತ್ರಿಕೆಯಲ್ಲಿ ಕಡಿಮೆ ಬರೆದರೆ ತಪ್ಪೂ ಕಡಿಮೆಯಾಗುತ್ತದೆ ಎಂದ ಹಾಗಾಯಿತು.

ಪುಸ್ತಕ ನೋಡಿ ಕಲಿಯುವವರದು ಇನ್ನೊಂದು ಕಥೆ. ಬೆನ್ ಹೋಗನ್ 1957ರಲ್ಲಿ ಬರೆದ ಪಾಠಗಳ ಪುಸ್ತಕ ಇಂದಿಗೂ ಮಾರಾಟವಾಗುತ್ತದೆ. ಮಹಾ ಆಟಗಾರ, ಸಂಶಯವಿಲ್ಲ. ಆದರೆ ಅವನನ್ನು ವರ್ಷಗಟ್ಟಲೆ ಕಾಡಿದ್ದು ಹುಕ್, ಸ್ಲೈಸ್ ಅಲ್ಲ. ಚೆಂಡು ಎಡಕ್ಕೆ ಹೋಗದಂತೆ ಅವನು ಕಂಡುಕೊಂಡ ಹಿಡಿತವನ್ನು, ಚೆಂಡು ಬಲಕ್ಕೆ ಹೋಗುವವನು ಅನುಕರಿಸಿದರೆ ಏನಾದೀತು? ನಾಡಿ ತೋರಿಸದೆ ಪಕ್ಕದ ಮನೆಯವರ ಕಷಾಯ ಕುಡಿದಂತೆ.

ಅಂಗಡಿಯವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸ್ಲೈಸ್ ಇರುವವರಿಗೆಂದೇ ಹಿಮ್ಮಡಿಯ ಕಡೆ ತೂಕ ಕೂರಿಸಿದ, ಮುಖವನ್ನು ಸ್ವಲ್ಪ ಮುಚ್ಚಿದ ಡ್ರೈವರುಗಳು ಸಿಗುತ್ತವೆ. 1970ರ ದಶಕದಲ್ಲಿ ಪೊಲಾರಾ ಎಂಬ ಚೆಂಡೇ ಬಂದಿತ್ತು. ಅದರ ಮೇಲಿನ ಗುಳಿಗಳನ್ನು ಎಲ್ಲೆಡೆ ಒಂದೇ ಸಮನಾಗಿ ಇಡದೆ, ತಾನಾಗಿ ನೇರವಾಗಿ ಹಾರುವಂತೆ ಮಾಡಿದ್ದರು. ಚೆಂಡು ಎಲ್ಲ ಕಡೆಯಿಂದಲೂ ಒಂದೇ ರೀತಿ ಹಾರಬೇಕೆಂಬ ನಿಯಮ ತಂದು ಅಮೆರಿಕದ ಗಾಲ್ಫ್ ಸಂಸ್ಥೆ ಅದನ್ನು ಸ್ಪರ್ಧೆಗಳಿಂದ ಹೊರಗಿಟ್ಟಿತು. ಎಪ್ಪತ್ತು ದಾಟಿ ವಾರಕ್ಕೊಮ್ಮೆ ಗೆಳೆಯರೊಡನೆ ಆಡುವವರು ಅಂಥ ಡ್ರೈವರ್ ಕೊಂಡರೆ ನನ್ನ ತಕರಾರಿಲ್ಲ. ನಾನೂ ಕನ್ನಡಕ ಹಾಕುತ್ತೇನೆ. ಹನ್ನೆರಡು ವರ್ಷದ ಮಗುವಿಗೆ ಅದನ್ನು ಕೊಡಿಸಿ ಎಂದು ಪೋಷಕರಿಗೆ ಹೇಳುವುದು ಮಾತ್ರ ಬೇರೆ. ನಮಗೂ ಹೇಳಿದ್ದರು. ಮಗನ ಅರ್ಧ ತಿಂಗಳ ಸಂಬಳದಷ್ಟು ಬೆಲೆ.

ಹಾಗಾದರೆ ಏನು ಮಾಡಬೇಕು? ಮೊದಲು ಚೆಂಡನ್ನು ಓದಬೇಕು. ಇಂಗ್ಲೆಂಡಿನ ಜಾನ್ ಜೇಕಬ್ಸ್ ಎಂಬ ಬೋಧಕರು ಇದನ್ನೇ ತಮ್ಮ ವಿಧಾನವಾಗಿಸಿಕೊಂಡಿದ್ದರು. ಆಟಗಾರನ ಭಂಗಿಗಿಂತ ಮೊದಲು ಚೆಂಡಿನ ಹಾರಾಟವನ್ನು ನೋಡಿ ದೋಷ ಹೇಳುತ್ತಿದ್ದರು. ಬಾಗಿದ್ದನ್ನು ಎಲ್ಲರೂ ನೋಡುತ್ತಾರೆ, ಹೊರಟದ್ದನ್ನು ನೋಡುವವರು ವಿರಳ. ಬಲಕ್ಕೇ ಹೊರಟು ಬಲಕ್ಕೇ ಬಾಗಿದರೆ ಮುಖ ಗುರಿಗೂ ತೆರೆದಿದೆ, ಹಾದಿಗೂ ತೆರೆದಿದೆ. ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ ಮುಖ ಗುರಿಗಿಂತ ಎಡಕ್ಕೇ ಇದೆ, ಆದರೆ ಹಾದಿ ಅದಕ್ಕಿಂತಲೂ ಎಡಕ್ಕಿದೆ. ಎರಡನ್ನೂ ಸ್ಲೈಸ್ ಎಂದೇ ಕರೆಯುತ್ತಾರೆ. ಇವಳದು ಮೊದಲನೆಯದಾಗಿ ಆರಂಭವಾಗಿ, ಒಂಬತ್ತು ತಿಂಗಳ ಬೋಧನೆಯ ಫಲವಾಗಿ ಎರಡನೆಯದಾಗಿ ಬೆಳೆದಿತ್ತು.

ಇನ್ನೊಂದು ಪರೀಕ್ಷೆಯೂ ಉಂಟು. ಚೆಂಡು ಮುಖದ ನಡುವಿಗೆ ತಾಗದೆ ಹಿಡಿಕೆಯ ಕಡೆಯ ಹಿಮ್ಮಡಿಗೆ ತಾಗಿದರೂ, ಡ್ರೈವರಿನಲ್ಲಿ ಬಲಕ್ಕೆ ಬಾಗುವ ತಿರುಗು ಹುಟ್ಟುತ್ತದೆ. ಅದನ್ನು ತಿಳಿಯಲು ಮುಖಕ್ಕೆ ಪುಡಿ ಸವರಿ ಹೊಡೆದು, ಗುರುತು ಎಲ್ಲಿ ಬಿತ್ತೆಂದು ನೋಡಬೇಕು. ನನ್ನ ಬಳಿ ಪೆಟ್ಟಿಗೆಗಟ್ಟಲೆ ಸೀಮೆಸುಣ್ಣ ಉಳಿದಿತ್ತು! ನಿವೃತ್ತಿಯ ದಿನ ಸಹೋದ್ಯೋಗಿಗಳು ತಮಾಷೆಗೆ ಕೊಟ್ಟ ಕಾಣಿಕೆ. ಆರು ವರ್ಷದ ಮೇಲೆ ಮೊದಲ ಬಾರಿಗೆ ಬೆರಳಿಗೆ ಸುಣ್ಣ ಹತ್ತಿತು. ಗುರುತು ನಡುವಿನಲ್ಲೇ ಬಿದ್ದಿತ್ತು. ಅಂದರೆ ತೊಂದರೆ ಅಲ್ಲಿರಲಿಲ್ಲ.

ಉಳಿದದ್ದು ಆ ಹಿರಿಯರು ಹೇಳಿದ್ದು: ಕೈ. ಅವಳ ಎಡಗೈ ಹಿಡಿಕೆಯ ಪಕ್ಕಕ್ಕೆ ಜಾರಿ, ಮೇಲಿನಿಂದ ನೋಡಿದರೆ ಬೆರಳಿನ ಗೆಣ್ಣು ಒಂದೇ ಕಾಣುತ್ತಿತ್ತು. ಅಂಥ ಹಿಡಿತದಲ್ಲಿ ಕೈಗಳು ಸಹಜವಾಗಿ ಬಂದು ತಾಗಿದಾಗ ಮುಖ ತೆರೆದೇ ಇರುತ್ತದೆ. ಎಡಗೈಯನ್ನು ಬಲಕ್ಕೆ ಸ್ವಲ್ಪ ಹೊರಳಿಸಿ ಎರಡು ಅಥವಾ ಮೂರು ಗೆಣ್ಣು ಕಾಣುವಂತೆ ಇಟ್ಟು, ಎರಡೂ ಕೈಗಳ ಹೆಬ್ಬೆರಳು ತೋರುಬೆರಳುಗಳ ನಡುವಿನ ಗೆರೆ ಬಲಭುಜದ ಕಡೆ ತೋರುವಂತೆ ಹಿಡಿದರೆ ಮುಖ ಮುಚ್ಚಲು ದಾರಿಯಾಗುತ್ತದೆ. ಭುಜ, ಸೊಂಟ, ಪಾದಗಳನ್ನು ಗುರಿಯ ರೇಖೆಗೆ ಸಮಾಂತರವಾಗಿ ತರುವುದು, ಡ್ರೈವರಿಗೆ ಚೆಂಡನ್ನು ಎಡ ಹಿಮ್ಮಡಿಯ ನೇರಕ್ಕೆ ಇಡುವುದು, ಅದಕ್ಕಿಂತ ಮುಂದಿಟ್ಟರೆ ಭುಜ ತಾನಾಗಿ ಎಡಕ್ಕೆ ತೆರೆಯುತ್ತದೆಂದು ತಿಳಿಯುವುದು, ಇವೆಲ್ಲ ಅದರ ನಂತರ.

ನನ್ನ ತಕರಾರಿನ ತಿರುಳು ಇರುವುದು ಇಲ್ಲಿ. ಹಿಡಿತ ಸರಿಮಾಡಿದ ಕೂಡಲೇ ಚೆಂಡು ನೇರವಾಗಿ ಹೋಗುವುದಿಲ್ಲ. ಹಾದಿ ಇನ್ನೂ ಎಡಕ್ಕೇ ಇದೆ, ಈಗ ಮುಖವೂ ಎಡಕ್ಕೆ ಬಂದಿದೆ. ಆದ್ದರಿಂದ ಚೆಂಡು ಎಡಕ್ಕೆ ಹೊರಟು ಎಡಕ್ಕೇ ಹೋಗುತ್ತದೆ, ಕೆಲವೊಮ್ಮೆ ಇನ್ನೂ ಎಡಕ್ಕೆ ಬಾಗುತ್ತದೆ. ಸರಿಯಾದ ಚಿಕಿತ್ಸೆಯ ಮೊದಲ ಫಲ ಹಳೆಯ ದೋಷಕ್ಕಿಂತ ವಿಕಾರವಾಗಿ ಕಾಣುತ್ತದೆ. ಕೆಲವು ವಾರ ಅದನ್ನು ಸಹಿಸಿದರೆ, ಬಲಕ್ಕೆ ಹೋದೀತೆಂಬ ಭಯ ದೇಹಕ್ಕೆ ತಪ್ಪಿ, ಕ್ಲಬ್ಬನ್ನು ಎಡಕ್ಕೆ ಎಳೆಯುವ ಅಭ್ಯಾಸ ಬಿಡುತ್ತದೆ. ಆ ಕೆಲವು ವಾರಗಳನ್ನು ದಾಟಿಸುವುದೇ ಬೋಧಕನ ಕೆಲಸ. ಮುಂದಿನ ಶನಿವಾರದ ಚಪ್ಪಾಳೆ ಬೇಕಾದವನು ಅದನ್ನು ಮಾಡಲಾರ. ಹಣ ಕಟ್ಟಿದ ಪೋಷಕರು ಪಕ್ಕದಲ್ಲೇ ಕುಳಿತಿರುತ್ತಾರೆ, ಮಗು ಹೋದ ವಾರಕ್ಕಿಂತ ಕೆಟ್ಟದಾಗಿ ಹೊಡೆಯುತ್ತಿರುವುದು ಕಾಣುತ್ತದೆ. ಎಡಕ್ಕೆ ನಿಲ್ಲಿಸುವುದು ಇದಕ್ಕಿಂತ ಎಷ್ಟೋ ಸುಲಭ.

ಇಷ್ಟು ಕಠಿಣವಾಗಿ ಬರೆಯಲು ನನಗೆ ಅರ್ಹತೆ ಇದೆಯೇ ಎಂದು ಕೇಳಿದರೆ, ಒಂದು ಹಳೆಯ ಲೆಕ್ಕ ಒಪ್ಪಿಸಬೇಕು.

ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ದರ್ಪಣದ ಸೂತ್ರದಲ್ಲಿ ಚಿಹ್ನೆಗಳನ್ನು ಎಂದೂ ಸರಿಯಾಗಿ ಹಾಕುತ್ತಿರಲಿಲ್ಲ. ವಸ್ತುದೂರ, ಸಂಗಮದೂರ ಎಲ್ಲವನ್ನೂ ಧನ ಎಂದೇ ತೆಗೆದುಕೊಳ್ಳುತ್ತಿದ್ದ. ನಿಮ್ನ ದರ್ಪಣ, ವಸ್ತು 30 ಸೆಂ.ಮೀ. ದೂರದಲ್ಲಿ, ಸಂಗಮದೂರ 10 ಸೆಂ.ಮೀ. ಎಂದರೆ, ಬಿಂಬದೂರ ಋಣ 15 ಬರಬೇಕು. ಅವನಿಗೆ ಧನ 15 ಬರುತ್ತಿತ್ತು. ಪರೀಕ್ಷೆಗೆ ಮೂರು ವಾರ. ನಾನು ಹೇಳಿದೆ: "ನೀನು ಹೇಗಾದರೂ ಮಾಡು, ಕೊನೆಯಲ್ಲಿ ಚಿಹ್ನೆ ಬದಲಿಸಿಬಿಡು." ನಿಮ್ನ ದರ್ಪಣದಲ್ಲಿ ಎರಡೂ ಋಣವಾದ್ದರಿಂದ ಆ ಉಪಾಯ ಚೆನ್ನಾಗಿ ನಡೆಯುತ್ತದೆ. ಪರೀಕ್ಷೆಗಳಲ್ಲಿ ಹೆಚ್ಚಾಗಿ ಕೇಳುತ್ತಿದ್ದದ್ದೂ ನಿಮ್ನ ದರ್ಪಣವನ್ನೇ. ಅವನು ಪಾಸಾದ, ನನ್ನ ವಿಷಯದ ಫಲಿತಾಂಶ ಆ ವರ್ಷ ನೂರಕ್ಕೆ ನೂರು, ಶಾಲಾ ವಾರ್ಷಿಕೋತ್ಸವದಲ್ಲಿ ನನಗೆ ಶಾಲು ಹೊದಿಸಿದರು. ಅದೇ ಅಂಕಿಗಳನ್ನು ಪೀನ ದರ್ಪಣಕ್ಕೆ ಹಾಕಿದರೆ ಸರಿಯುತ್ತರ ಧನ 7.5. ಅವನಿಗೆ ಬರುವುದು ಋಣ 15. ಚಿಹ್ನೆಯೂ ತಪ್ಪು, ಅಂಕಿಯೂ ತಪ್ಪು. ಪಿ.ಯು.ಸಿ.ಯಲ್ಲಿ ಅವನು ಭೌತಶಾಸ್ತ್ರದಲ್ಲಿ ನಾಪಾಸಾಗಿ ವಿಜ್ಞಾನ ಬಿಟ್ಟ. ಕಾರಣಗಳು ಬೇರೆಯೂ ಇದ್ದಿರಬಹುದು. ಎರಡು ವರ್ಷದ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, "ನನಗೆ ಫಿಸಿಕ್ಸ್ ತಲೆಗೆ ಹತ್ತಲಿಲ್ಲ ಸಾರ್" ಎಂದ. ತಾನು ದಡ್ಡನೆಂದೇ ಅವನು ನಂಬಿದ್ದ. ನಾನು ಆಗ ಬೆನ್ನು ತಟ್ಟಿ ಕಳಿಸಿದೆ, ನಿಜ ಹೇಳಲಿಲ್ಲ. ಅವನನ್ನು ನಾನು ಎಡಕ್ಕೆ ನಿಲ್ಲಿಸಿದ್ದೆ.

ಅವನು ಈ ಪುಟವನ್ನು ಆಗಾಗ ಓದುತ್ತಾನೆಂದು ಅವನ ತರಗತಿಯವರಿಂದ ಕೇಳಿದ್ದೇನೆ. ಓದುತ್ತಿದ್ದರೆ: ತಪ್ಪು ನಿನ್ನದಾಗಿರಲಿಲ್ಲಪ್ಪ. ಒಂದು ಸಂಜೆ ಕೂರಿಸಿಕೊಂಡು, ದರ್ಪಣದ ಮುಂದೆ ನಿಂತವನಿಗೆ ಯಾವ ಕಡೆ ಧನ, ಯಾವ ಕಡೆ ಋಣ, ಏಕೆ, ಎಂದು ಚಿತ್ರ ಬರೆದು ತೋರಿಸಿದ್ದರೆ ಸಾಕಾಗಿತ್ತು. ಮೂರು ವಾರದ ಫಲಿತಾಂಶ ನನ್ನ ಕಣ್ಣು ಕಟ್ಟಿತ್ತು. ಕ್ಷಮಿಸು.

ಹದಿನೈದು ವರ್ಷದಿಂದ ಎಡಕ್ಕೆ ನಿಂತು ಆಡುತ್ತಿರುವ ನನ್ನ ಶಿಷ್ಯನಿಗೆ ಒಂದು ಪ್ರಶ್ನೆ. ಬಲದಿಂದ ಗಾಳಿ ಬೀಸುವಾಗಲೂ ಅಷ್ಟೇ ಎಡಕ್ಕೆ ನಿಲ್ಲುತ್ತೀಯಾ? ಎಡಗಡೆ ಮರಗಳ ಸಾಲಿದ್ದರೆ ಎತ್ತ ನಿಲ್ಲುತ್ತೀಯಾ? ಎಂದಾದರೂ ಅಕಸ್ಮಾತ್ತಾಗಿ ಚೆಂಡು ನೇರವಾಗಿ ಹೊರಟರೆ ಅದು ಎಲ್ಲಿ ಹೋಗಿ ಬೀಳುತ್ತದೆ? ಸರಿಯಾಗಿ ಹೊಡೆದ ಚೆಂಡೇ ತಪ್ಪಾಗಿ ಬೀಳುವ ವ್ಯವಸ್ಥೆಯನ್ನು ನೀನು ಕಟ್ಟಿಕೊಂಡಿದ್ದೀಯಲ್ಲಪ್ಪ! ಆಟ ನಡೆಯುತ್ತಿದೆ ಎಂದೆ. ನಡೆಯಲಿ. ಅದು ನಿನ್ನ ವಿರಾಮ, ನಿನ್ನ ದುಡ್ಡು. ಮಕ್ಕಳಿಗೆ ಮಾತ್ರ ಹೇಳಿಕೊಡಬೇಡ.

ಎಲ್ಲ ಬೋಧಕರೂ ಹೀಗಲ್ಲ ಎಂದು ಒಬ್ಬರು ಬರೆದಿದ್ದಾರೆ. ಒಪ್ಪುತ್ತೇನೆ. ಕೋನಗಳನ್ನು ಅಳೆದು, ಕಾರಣ ಹೇಳಿ, ತಾಳ್ಮೆಯಿಂದ ತಿದ್ದುವವರು ಈ ಊರಿನಲ್ಲೂ ಇದ್ದಾರೆ. ನಾನು ಬರೆದದ್ದು ಅವರ ಬಗ್ಗೆ ಅಲ್ಲ. ಅವರಿಗೆ ಕೋಪವೂ ಬಂದಿರಲಾರದು.

ಮೊಮ್ಮಗಳು ಎರಡು ತಿಂಗಳ ಮೇಲೆ, ಹೋದ ಶನಿವಾರ, ತಾನಾಗಿ ಬಾಗಿಲ ಹಿಂದಿನಿಂದ ಕ್ಲಬ್ಬು ತೆಗೆದಳು. ನಾನು ಬಿಡಿಸಿದ್ದ ಚಿತ್ರ ಅವಳ ಗಣಿತದ ನೋಟ್‌ಬುಕ್ಕಿನ ಹಿಂಬದಿಯಲ್ಲಿತ್ತು. ತರಗತಿಗೆ ಸೇರಲಿಲ್ಲ, ಬರೀ ಬಾಡಿಗೆ ಚೆಂಡು ತೆಗೆದುಕೊಂಡೆವು. ಪ್ರತಿ ಹೊಡೆತಕ್ಕೂ ಮೊದಲು ಗೆಣ್ಣು ಎಣಿಸುತ್ತಿದ್ದಳು. ನಲವತ್ತು ಚೆಂಡುಗಳಲ್ಲಿ ಮೂವತ್ತಕ್ಕೂ ಹೆಚ್ಚು ಎಡಗಡೆಯ ಬಲೆಗೆ ಹೋದವು. ಬಲಕ್ಕೆ ಬಾಗಿದ್ದು ಒಂದೂ ಇಲ್ಲ. ಅವಳು ನನ್ನತ್ತ ತಿರುಗಿ, "ತಾತ, ಎಡಕ್ಕೆ ಹೋಯ್ತು!" ಎಂದು, ಜೀವಮಾನದಲ್ಲಿ ಮೊದಲ ಬಾರಿಗೆ ಎಡದಿಕ್ಕನ್ನು ಕಂಡವಳಂತೆ ಕೂಗಿದಳು. ಆ ಹಿರಿಯರು ಚೆಂಡು ಆಯುವುದನ್ನು ನಿಲ್ಲಿಸಿ ನೋಡುತ್ತಿದ್ದರು.

ಬೋಧಕರೂ ನೋಡಿದರು. ಹತ್ತಿರ ಬಂದು, ಹಳೆಯ ವಿಶ್ವಾಸದಿಂದಲೇ ಅವಳ ಭುಜ ಹಿಡಿದು, "ಈಗ ಸ್ವಲ್ಪ ಬಲಕ್ಕೆ ನಿಲ್ಲು" ಎಂದರು.

ನಾನು ಏನೂ ಹೇಳಲಿಲ್ಲ. ಇನ್ನೊಂದು ಬಕೆಟ್ ತರಲು ಎದ್ದೆ.